ಅಪ್ಪ ಕೋಚ್ ಆದಾಗ: ಮಕ್ಕಳ ವಾಲಿಬಾಲ್, ಸಭೆ ಮತ್ತು ಮನೆ

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಕ್ರೈಸ್ತ ಸಭೆಗೆ ಸೇರಿದ ಕುಟುಂಬ. ನಮ್ಮ ಯಜಮಾನರು ಕಾಲೇಜು ದಿನಗಳಲ್ಲಿ ವಿಶ್ವವಿದ್ಯಾಲಯದ ವಾಲಿಬಾಲ್ ತಂಡದಲ್ಲಿ ಆಡಿದವರು. ದೇವಾಲಯದ ಆವರಣದಲ್ಲಿ ಓಣಿಯ ಮಕ್ಕಳಿಗೆ ವಾಲಿಬಾಲ್ ಕಲಿಸಬೇಕು, ಅದು ನಮ್ಮ ಕುಟುಂಬದ ಸೇವೆಯಾಗಬೇಕು ಎಂಬುದು ಅವರ ಬಹುದಿನದ ಆಸೆ. ನನಗೂ ಮನಸ್ಸಿದೆ, ಅಳುಕೂ ಇದೆ. ಬರುವ ಮಕ್ಕಳಲ್ಲಿ ಹೆಚ್ಚಿನವರು ಹಿಂದೂ, ಮುಸ್ಲಿಂ ಮನೆಯವರು. ಅವರನ್ನು ಕೂಡಿಸಿಕೊಂಡು ಪ್ರಾರ್ಥನೆ ಮಾಡಬಹುದೇ? ಪಂದ್ಯಾವಳಿಗಳು ಬಹುತೇಕ ಭಾನುವಾರವೇ ನಡೆಯುತ್ತವೆ. ಸಭೆಯ ಹಿರಿಯರೊಬ್ಬರು ‘ಆಟ ಲೌಕಿಕ’ ಎನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ 11 ವರ್ಷದ ಮಗಳಿಗೆ ಆಟವೆಂದರೆ ಇಷ್ಟ, ಆದರೆ ಅಪ್ಪನ ಮುಂದೆ ಆಡು ಎಂದರೆ ಹಿಂದೇಟು ಹಾಕುತ್ತಾಳೆ. 8 ವರ್ಷದ ಮಗನೂ ಇದ್ದಾನೆ. ಹೇಗೆ ಆರಂಭಿಸಬೇಕು?

ಉತ್ತರ: ಸಹೋದರಿ, ಕರ್ತನಲ್ಲಿ ವಂದನೆಗಳು. ನೀವು ‘ಎಲ್ಲಕ್ಕಿಂತ ಮುಖ್ಯ’ ಎಂದು ಬರೆದದ್ದು ನಿಜವಾಗಿಯೂ ಎಲ್ಲಕ್ಕಿಂತ ಮುಖ್ಯ. ಆದ್ದರಿಂದ ಮಗಳ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಶಾಲೆಗಳಲ್ಲಿ, ಸಭೆಗಳ ಬೇಸಿಗೆ ಶಿಬಿರಗಳಲ್ಲಿ ಬಹಳ ವರ್ಷ ಮಕ್ಕಳಿಗೆ ಆಟ ಕಲಿಸಿದ ನನಗೆ ಒಂದು ನೋಟ ತುಂಬಾ ಪರಿಚಿತ. ಸರ್ವ್ ನೆಟ್ಟಿಗೆ ಬಡಿದು ಚೆಂಡು ಕೆಳಗೆ ಉರುಳುತ್ತದೆ. ಬೇರೆ ಮಕ್ಕಳಾದರೆ ತಲೆ ಕೊಡವಿ ಚೆಂಡಿನ ಹಿಂದೆ ಓಡುತ್ತಾರೆ. ಅಪ್ಪನೇ ಕೋಚ್ ಆಗಿರುವ ಮಗು ನಿಂತಲ್ಲೇ ನಿಂತು ಅಪ್ಪನ ಮುಖ ನೋಡುತ್ತದೆ. ಆ ಮುಖದಲ್ಲಿ ಏನು ಕಂಡಿತೋ ಅದರ ಮೇಲೆ ಮುಂದಿನ ಚೆಂಡು ನಿಂತಿರುತ್ತದೆ. ಅಪ್ಪ ಬಾಯಿಬಿಟ್ಟು ಬೈಯಬೇಕೆಂದೇನೂ ಇಲ್ಲ, ಒಂದು ನಿಟ್ಟುಸಿರು ಸಾಕು.

ಒಳ್ಳೆಯ ತಂದೆಯರೇ ಇದರಲ್ಲಿ ಎಡವುತ್ತಾರೆ. ‘ಕೋಚ್ ತನ್ನ ಮಗಳಿಗೇ ಆಡಲು ಕೊಡುತ್ತಾನೆ’ ಎಂದು ಯಾರೂ ಅನ್ನಬಾರದೆಂದು ಸ್ವಂತ ಮಗುವಿನ ಮೇಲೆ ಎರಡು ಪಾಲು ಕಟ್ಟುನಿಟ್ಟು ಮಾಡುತ್ತಾರೆ. ತಂದೆಗಳು ಮಕ್ಕಳನ್ನು ಕೆಣಕಬಾರದು, ಕೆಣಕಿದರೆ ಅವರು ಮನಗುಂದುತ್ತಾರೆ ಎಂದು ಬೈಬಲಿನಲ್ಲಿ ಪೌಲನು ಕೊಲೊಸ್ಸೆಯ ಸಭೆಗೆ ಬರೆದ ಮಾತು (3:21) ಆಟದ ಅಂಕಣಕ್ಕೂ ಸಲ್ಲುತ್ತದೆ. ಓಣಿಯ ಇಪ್ಪತ್ತು ಮಕ್ಕಳಿಗೆ ಒಳ್ಳೆಯ ಕೋಚ್ ಸಿಕ್ಕಿ, ಮನೆಯ ಒಂದು ಮಗು ಅಪ್ಪನನ್ನು ಕಳೆದುಕೊಂಡರೆ ಅದನ್ನು ಕುಟುಂಬದ ಸೇವೆ ಎಂದು ನಾನು ಕರೆಯಲಾರೆ.

ಆದ್ದರಿಂದ ಮೊದಲು ನೀವು, ಯಜಮಾನರು ಎದುರಿಗಿಲ್ಲದಾಗ, ಮಗಳನ್ನು ಕೇಳಿ. ಅಪ್ಪನ ಕೈಯಲ್ಲೇ ಕಲಿಯುತ್ತೀಯಾ, ಬೇರೆಯವರು ಕಲಿಸುವ ಗುಂಪಿನಲ್ಲಿ ಸೇರುತ್ತೀಯಾ, ಅಥವಾ ನಿನಗೆ ಬೇರೆ ಆಟವೇ ಬೇಕಾ? ಮೂರರಲ್ಲಿ ಅವಳು ಯಾವುದನ್ನು ಆರಿಸಿದರೂ ಮನೆಯಲ್ಲಿ ಯಾರೂ ಮುಖ ಸಣ್ಣ ಮಾಡಬಾರದು. ಅಪ್ಪನ ಕೈಯಲ್ಲೇ ಕಲಿಯುತ್ತೇನೆ ಎಂದರೆ, ಅವಳನ್ನು ತಂಡಕ್ಕೆ ಆರಿಸುವ, ಅವಳ ತಪ್ಪು ತಿದ್ದುವ ಕೆಲಸವನ್ನು ಇನ್ನೊಬ್ಬ ಹಿರಿಯ ಆಟಗಾರರಿಗೆ ಒಪ್ಪಿಸಿ. ಅಂಕಣದಲ್ಲಿ ಅವಳು ಅಪ್ಪನನ್ನು ‘ಸರ್’ ಎನ್ನಬೇಕಾಗಿಲ್ಲ, ‘ಅಪ್ಪಾ’ ಎಂದೇ ಕರೆಯಲಿ. ಸ್ಕೂಟರ್‌ನಲ್ಲಿ ಮನೆಗೆ ಬರುವಾಗ ಅವಳಾಗಿಯೇ ಎತ್ತಿದರೆ ಮಾತ್ರ ಆಟದ ಮಾತು. ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆಯುವಾಗಲೂ ಮಕ್ಕಳಿಗೆ ಕಲಿಸಿರಿ ಎನ್ನುತ್ತದೆ ಧರ್ಮೋಪದೇಶಕಾಂಡ (6:7). ಸೋತ ದಿನ ಆ ದಾರಿಯಲ್ಲಿ ಅಪ್ಪ ಎಂದಿನಂತೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬಾಳೆಹಣ್ಣು ಕೊಂಡು, ಶಾಲೆಯ ಗೆಳತಿಯರ ಸುದ್ದಿ ಕೇಳಿದರೆ ಮಗಳು ಕಲಿಯುವುದು ಬಹಳವಿದೆ.

ತಪ್ಪಾದಾಗ ಕೋಚ್ ಏನನ್ನುತ್ತಾರೆ ಎಂಬುದು ಸ್ವಂತ ಮಗುವಿಗಷ್ಟೇ ಅಲ್ಲ, ಎಲ್ಲ ಮಕ್ಕಳಿಗೂ ಮುಖ್ಯ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ರೊನಾಲ್ಡ್ ಸ್ಮಿತ್ ಮತ್ತು ಫ್ರ್ಯಾಂಕ್ ಸ್ಮಾಲ್ 1970ರ ದಶಕದಿಂದ ಮಕ್ಕಳ ಬೇಸ್‌ಬಾಲ್ ತಂಡಗಳ ಕೋಚ್‌ಗಳನ್ನು ಗಮನಿಸುತ್ತ ಬಂದವರು. ಒಳ್ಳೆಯ ಪ್ರಯತ್ನವನ್ನು ಕೂಡಲೇ ಮೆಚ್ಚುವುದು, ತಪ್ಪಾದರೆ ಮೊದಲು ಧೈರ್ಯ ಹೇಳಿ ಆಮೇಲೆ ತಿದ್ದುವುದು, ಬೈಗುಳ ಮತ್ತು ಶಿಕ್ಷೆಯನ್ನು ಬಿಡುವುದು, ಇಷ್ಟನ್ನು ಕೆಲವು ಕೋಚ್‌ಗಳಿಗೆ ಕಲಿಸಿ ನೋಡಿದರು. 1992ರಲ್ಲಿ ಅವರ ಬಳಗ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇದನ್ನು ಕಲಿಯದ ಕೋಚ್‌ಗಳ ತಂಡಗಳಲ್ಲಿ ಶೇ 26ರಷ್ಟು ಮಕ್ಕಳು ಮುಂದಿನ ವರ್ಷ ಆಟಕ್ಕೆ ಮರಳಲಿಲ್ಲ. ಕಲಿತವರ ತಂಡಗಳಲ್ಲಿ ಹಾಗೆ ಬಿಟ್ಟುಹೋದವರು ಶೇ 5 ಮಾತ್ರ. ಗೆಲುವಿನ ಲೆಕ್ಕದಲ್ಲಿ ಎರಡೂ ಬಗೆಯ ತಂಡಗಳು ಹೆಚ್ಚುಕಡಿಮೆ ಸಮ. ನಿಮ್ಮ ಯಜಮಾನರಿಗೆ ಈ ಭಾಗವನ್ನು ಓದಿ ಹೇಳಿ. ವಿಶ್ವವಿದ್ಯಾಲಯದ ಮಟ್ಟದಲ್ಲಿ ಆಡಿದವರಿಗೆ ಮಕ್ಕಳ ತಪ್ಪನ್ನು ಸಹಿಸುವುದು ಸುಲಭವಲ್ಲ. ಕಾಲೇಜು ತಂಡದಲ್ಲಿ ಅವರನ್ನು ಗದರಿಸಿ ಬೆಳೆಸಿದ ಗುರುಗಳೂ ಇದ್ದಿರಬಹುದು. ಆದರೆ ಆ ಗುರುಗಳು ಕಲಿಸಿದ್ದು ಬೆಳೆದ ಹುಡುಗರಿಗೆ.

ಇನ್ನು ಆಟಕ್ಕೆ ಬರೋಣ. ವಾಲಿಬಾಲ್ ಆರಿಸಿಕೊಂಡದ್ದು ನನಗೆ ತುಂಬಾ ಸಂತೋಷ ತಂದಿತು. ಈ ಆಟ ಹುಟ್ಟಿದ್ದೇ ಒಂದು ಕ್ರೈಸ್ತ ಸಂಘದ ವ್ಯಾಯಾಮಶಾಲೆಯಲ್ಲಿ. 1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತಿದ್ದ ವಿಲಿಯಂ ಮಾರ್ಗನ್, ಬ್ಯಾಸ್ಕೆಟ್‌ಬಾಲಿನ ಓಟ, ತಳ್ಳಾಟ ಸಾಕಾಗುತ್ತಿದ್ದ ನಡುವಯಸ್ಸಿನವರಿಗಾಗಿ ಇದನ್ನು ರೂಪಿಸಿದರು. ಬಲಶಾಲಿಗಳಿಗಾಗಿ ಅಲ್ಲದೆ ಹಿಂದೆ ಬೀಳುವವರಿಗಾಗಿ ಹುಟ್ಟಿದ ಆಟ ಇದು. ಹಿರಿಯರ ‘ಲೌಕಿಕ’ದ ಆಕ್ಷೇಪಕ್ಕೂ ಇಷ್ಟೇ ಹೇಳಿ. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ಕಟ್ಟಿದ ವೈಎಂಸಿಎ ದೈಹಿಕ ಶಿಕ್ಷಣ ಸಂಸ್ಥೆ ನಮ್ಮ ದೇಶಕ್ಕೆ ಕೊಟ್ಟ ಆಟದ ಮೇಷ್ಟ್ರುಗಳನ್ನು ನೆನಪಿಸಿ. ಯೆರೂಸಲೇಮನ್ನು ದೇವರು ಮತ್ತೆ ಕಟ್ಟುವಾಗ ಅದರ ಬೀದಿಗಳಲ್ಲಿ ಹುಡುಗ ಹುಡುಗಿಯರು ತುಂಬಿ ಆಡುತ್ತಿರುತ್ತಾರೆ ಎಂದು ಜೆಕರ್ಯ ಪ್ರವಾದಿ (8:5) ಕಂಡದ್ದನ್ನೂ ಓದಿ ತೋರಿಸಿ. ಅವರೊಂದಿಗೆ ವಾದ ಬೆಳೆಸಬೇಡಿ. ಒಂದು ಸಂಜೆ ಬಂದು ಕುರ್ಚಿ ಹಾಕಿ ಕುಳಿತುಕೊಳ್ಳಲು ಕರೆಯಿರಿ.

ದೊಡ್ಡವರ ಅಳತೆಯನ್ನು ಮಾತ್ರ ಮಕ್ಕಳ ಮೇಲೆ ಹೊರಿಸಬೇಡಿ. ಗಂಡಸರ ನೆಟ್ 2.43 ಮೀಟರ್, ಹೆಂಗಸರದ್ದು 2.24. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಹತ್ತು ಹನ್ನೊಂದರ ಮಕ್ಕಳಿಗೆ ನೆಟ್ಟನ್ನು ಸುಮಾರು 2 ಮೀಟರಿಗೆ ಇಳಿಸಿ, ಬ್ಯಾಡ್ಮಿಂಟನ್ ಅಂಕಣದಷ್ಟು ಜಾಗದಲ್ಲಿ ಮೂವರು ಅಥವಾ ನಾಲ್ವರಂತೆ ಆಡಿಸಿ. ಪಂದ್ಯದ ಚೆಂಡು 260ರಿಂದ 280 ಗ್ರಾಂ ತೂಗುತ್ತದೆ. ಮೊದಲ ದಿನವೇ ಅದನ್ನು ಮುಂಗೈ ಮೇಲೆ ಹಾಕಿಸಿಕೊಂಡ ಮಗುವಿನ ಚರ್ಮ ಕೆಂಪಗಾಗಿ ಉರಿಯುತ್ತದೆ, ಮರುದಿನ ಅದು ಬರುವುದಿಲ್ಲ. ಹಗುರವಾದ ಚೆಂಡು ಬಳಸಿ. ಮೊದಲ ವಾರ ಚೆಂಡು ಹಿಡಿದು ಎಸೆಯುವ ಆಟವಾದರೂ ಸರಿ. ಆಮೇಲೆ ಮುಂಗೈ ಪಾಸ್: ಮಂಡಿ ಬಾಗಲಿ, ಮೊಣಕೈ ನೇರವಿರಲಿ, ಚೆಂಡು ಮಣಿಕಟ್ಟಿನ ಮೇಲುಭಾಗಕ್ಕೆ ತಾಕಲಿ. ಸರ್ವನ್ನು ನೆಟ್ಟಿನಿಂದ ನಾಲ್ಕೈದು ಹೆಜ್ಜೆ ದೂರದಲ್ಲಿ ಕೆಳಗೈಯಿಂದ ಆರಂಭಿಸಿ, ದಾಟಿದಂತೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಸಿ. ಸ್ಮ್ಯಾಷ್ ಬೇಕೆಂದು ಹುಡುಗರು ಮೊದಲ ದಿನವೇ ಪೀಡಿಸುತ್ತಾರೆ. ಅಭ್ಯಾಸದ ಕೊನೆಯ ಹತ್ತು ನಿಮಿಷ ಅದಕ್ಕೆ ಬಿಡಿ.

ಈ ಆಟದ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ. ಎದುರಾಳಿಯಿಂದ ಸರ್ವ್ ಕಸಿದುಕೊಂಡಾಗಲೆಲ್ಲ ತಂಡ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದು ಸ್ಥಾನ ತಿರುಗಬೇಕು. ಹಾಗಾಗಿ ಪ್ರತಿಯೊಬ್ಬರಿಗೂ ಸರ್ವ್ ಬರುತ್ತದೆ, ಪ್ರತಿಯೊಬ್ಬರೂ ನೆಟ್ಟಿನ ಮುಂದೆ ನಿಲ್ಲುತ್ತಾರೆ. ಇದಕ್ಕೆ ಇನ್ನೊಂದನ್ನು ಸೇರಿಸಿ. ಹೊರಗೆ ಕಾಯುವ ಮಕ್ಕಳನ್ನು ಸರ್ವ್ ಸ್ಥಾನದ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ. ತಂಡ ತಿರುಗಿದಾಗಲೆಲ್ಲ ಸಾಲಿನ ಮೊದಲ ಮಗು ಸರ್ವ್ ಮಾಡಲು ಒಳಬರುತ್ತದೆ, ಆ ಸ್ಥಾನಕ್ಕೆ ತಿರುಗಿ ಬರಬೇಕಿದ್ದ ಮಗು ಹೊರಬಂದು ಸಾಲಿನ ಕೊನೆಗೆ ಸೇರುತ್ತದೆ. ಮಿನಿ ವಾಲಿಬಾಲ್ ಆಡಿಸುವವರು ಅನುಸರಿಸುವ ಕ್ರಮ ಇದು. ಇದರಲ್ಲಿ ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಕೋಚ್ ತೀರ್ಮಾನಿಸುವಂತಿಲ್ಲ, ಸಾಲೇ ತೀರ್ಮಾನಿಸುತ್ತದೆ. ದಪ್ಪಗಿರುವ ಹುಡುಗ, ಕನ್ನಡಕದ ಹುಡುಗಿ, ಸರ್ವ್ ಒಮ್ಮೆಯೂ ದಾಟದ ಮಗು, ಎಲ್ಲರೂ ತಮ್ಮ ಸರದಿ ಬಂದಾಗ ಚೆಂಡು ಕೈಗೆ ತೆಗೆದುಕೊಳ್ಳುತ್ತಾರೆ. 14-13ರಲ್ಲಿ ನಿಂತ ಆಟದಲ್ಲಿ ಅತ್ಯಂತ ದುರ್ಬಲ ಮಗುವಿನ ಸರದಿ ಬಂದಾಗ ಬದಲಾಯಿಸಬೇಕೆಂದು ಕೈ ತುರಿಸುತ್ತದೆ. ಆಗ ನಿಮ್ಮ ಯಜಮಾನರು ಆ ಸಾಲನ್ನು ಮುರಿಯದೆ, ಆ ಮಗುವಿನ ಹೆಸರು ಹಿಡಿದು ಕರೆದು ‘ಆರಾಮಾಗಿ ಹೊಡೆ’ ಎಂದರೆ, ನೀವು ಕೇಳುತ್ತಿರುವ ಸೇವೆ ಆ ಕ್ಷಣದಲ್ಲಿ ನಡೆಯುತ್ತಿದೆ. ಅದಕ್ಕೆ ಮೇಲೊಂದು ಬೋಧನೆ ಅಂಟಿಸಬೇಕಾಗಿಲ್ಲ.

ಪ್ರಾರ್ಥನೆಯ ಪ್ರಶ್ನೆಗೂ ನನ್ನ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಆಟವನ್ನು ಸುವಾರ್ತೆಯ ಗಾಳಕ್ಕೆ ಸಿಕ್ಕಿಸುವ ಹುಳು ಮಾಡಬೇಡಿ. ಹತ್ತು ವರ್ಷದ ಮಗುವಿಗೆ ಕೋಚ್ ದೊಡ್ಡ ಮನುಷ್ಯ. ನಾಳೆ ತಂಡದಲ್ಲಿ ಜಾಗ ಸಿಗುವುದು ಅವರ ಕೈಯಲ್ಲಿದೆ ಎಂದು ಮಗು ನಂಬಿರುತ್ತದೆ. ಅಂಥವರು ‘ಬನ್ನಿ, ಕಣ್ಣು ಮುಚ್ಚಿ ಪ್ರಾರ್ಥಿಸೋಣ’ ಎಂದಾಗ ಒಲ್ಲೆ ಎನ್ನುವ ಸ್ವಾತಂತ್ರ್ಯ ಅದಕ್ಕೆ ಇಲ್ಲ. ಒಲ್ಲೆ ಎನ್ನಲಾಗದವರಿಂದ ಪಡೆದ ‘ಆಮೆನ್’ ಕರ್ತನಿಗೆ ಬೇಡ ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಮನೆಯಿಂದ ಹೊರಡುವ ಮುನ್ನ ನೀವು ನಾಲ್ವರೂ ಕೂತು ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬ ಮಗುವಿನ ಹೆಸರೆತ್ತಿ ಪ್ರಾರ್ಥಿಸಿ. ಯಾರ ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ, ಯಾರಿಗೆ ಗಣಿತ ಪರೀಕ್ಷೆಯ ಭಯ ಎಂಬುದೆಲ್ಲ ಹಾಗೆ ನೆನಪಿನಲ್ಲಿ ಉಳಿಯುತ್ತದೆ. ನಿಮ್ಮ 8 ವರ್ಷದ ಮಗ ಈ ಸೇವೆಯಲ್ಲಿ ಮಾಡಬಲ್ಲ ಅತ್ಯುತ್ತಮ ಕೆಲಸವೂ ಇದೇ. ಅಂಕಣದಲ್ಲಿ ಆಟಕ್ಕೆ ಮುನ್ನ ಅರ್ಧ ನಿಮಿಷದ ಮೌನ ಸಾಕು, ಅದರೊಳಗೆ ಪ್ರತಿ ಮಗುವೂ ತನ್ನ ಮನೆಯಲ್ಲಿ ಕಲಿತಂತೆ ಇರಲಿ.

ನಂಬಿಕೆಯನ್ನು ಬಚ್ಚಿಡಿ ಎಂದೂ ನಾನು ಹೇಳುತ್ತಿಲ್ಲ. ಬಚ್ಚಿಟ್ಟರೆ ಅದು ಇನ್ನೂ ದೊಡ್ಡ ಮೋಸ. ಮೊದಲ ದಿನ ಪಾಲಕರಿಗೆಲ್ಲ ಒಂದು ಹಾಳೆ ಕೊಡಿ. ನಾವು ಕ್ರೈಸ್ತ ಕುಟುಂಬ, ದೇವರ ಪ್ರೀತಿಗಾಗಿ ಈ ಕೆಲಸ ಮಾಡುತ್ತಿದ್ದೇವೆ, ಇಲ್ಲಿ ವಾಲಿಬಾಲ್ ಮಾತ್ರ ಕಲಿಸುತ್ತೇವೆ, ಧರ್ಮಬೋಧನೆ ಇರುವುದಿಲ್ಲ, ನೀವು ಯಾವಾಗ ಬೇಕಾದರೂ ಬಂದು ಕುಳಿತು ನೋಡಬಹುದು ಎಂದು ಅದರಲ್ಲಿ ಬರೆದಿರಲಿ. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸಾತ್ವಿಕವಾಗಿ ಉತ್ತರಿಸಲು ಸಿದ್ಧರಾಗಿರಿ ಎಂದಿದ್ದಾನೆ ಪೇತ್ರ (1 ಪೇತ್ರ 3:15). ಕೇಳುವವರು ಮೊದಲು ಕೇಳಬೇಕು. ಮಗುವೊಂದು ‘ನೀವು ಯಾಕೆ ಬೈಯುವುದಿಲ್ಲ?’ ಎಂದು ಕೇಳಿದರೆ ನಿಜವನ್ನು ಎರಡು ಮಾತಿನಲ್ಲಿ ಹೇಳಿ, ಅಂದೇ ಅದರ ತಂದೆತಾಯಿಗೂ ತಿಳಿಸಿ. ಉಚಿತ ಶೂ, ಟೀಶರ್ಟು, ಹಬ್ಬದ ಉಡುಗೊರೆ ಬೇಡ. ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆ ಉಡುಗೊರೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತ್ತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಕಾಯ್ದೆ ಏನೇ ಹೇಳಲಿ, ನೆರೆಮನೆಯವರ ಮನಸ್ಸಿನಲ್ಲಿ ಸಂಶಯ ಮೂಡಿಸುವಂಥದ್ದನ್ನು ನಾವಾಗಿಯೇ ದೂರವಿಡುವುದು ನೆರೆಯವರ ಮೇಲಿನ ಪ್ರೀತಿ. ತಿಂಗಳಿಗೆ ಚಿಕ್ಕದೊಂದು ಶುಲ್ಕ ಎಲ್ಲರಿಂದಲೂ ತೆಗೆದುಕೊಳ್ಳಿ. ಕೊಡಲಾಗದವರ ವಿಷಯ ನಿಮ್ಮಿಬ್ಬರಲ್ಲೇ ಇರಲಿ. ಲೆಕ್ಕವನ್ನು ಸಭೆಯ ಖಜಾಂಚಿಗೆ ತೋರಿಸಿ.

ಭಾನುವಾರದ ವಿಷಯದಲ್ಲಿ ಎಲ್ಲರೂ ಎರಿಕ್ ಲಿಡೆಲ್ ಹೆಸರು ಹೇಳುತ್ತಾರೆ, ಆದರೆ ಅರ್ಧ ಕಥೆ ಮಾತ್ರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಸುತ್ತು ಭಾನುವಾರ ಬಂದದ್ದರಿಂದ ಈ ಸ್ಕಾಟ್ಲೆಂಡಿನ ಓಟಗಾರ ಅದರಲ್ಲಿ ಓಡಲಿಲ್ಲ, ಬದಲಿಗೆ 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಉಳಿದರ್ಧ ಚೀನಾದಲ್ಲಿದೆ. ಅಲ್ಲಿ ಮಿಷನರಿಯಾಗಿದ್ದ ಅವರನ್ನು 1943ರಲ್ಲಿ ಜಪಾನೀಯರು ವೈಶೀನ್ ಬಂಧನ ಶಿಬಿರದಲ್ಲಿಟ್ಟರು. ತಂದೆತಾಯಿಯಿಂದ ದೂರವಾದ ಬಹಳ ಮಕ್ಕಳು ಅಲ್ಲಿದ್ದರು. ಲಿಡೆಲ್ ಆ ಮಕ್ಕಳಿಗೆ ಪಾಠ ಹೇಳಿದರು, ಆಟಗಳನ್ನು ಏರ್ಪಡಿಸಿದರು, ಭಾನುವಾರ ಮಾತ್ರ ಆಡಿಸುತ್ತಿರಲಿಲ್ಲ. ಒಂದು ಭಾನುವಾರ ಮಕ್ಕಳು ತಾವಾಗಿಯೇ ಹಾಕಿ ಆಡಿದರು. ರೆಫರಿ ಇಲ್ಲದೆ ಆಟ ಜಗಳದಲ್ಲಿ ಮುಗಿಯಿತು. ಮುಂದಿನ ಭಾನುವಾರ ಲಿಡೆಲ್ ಅವರೇ ರೆಫರಿಯಾಗಿ ಮೈದಾನಕ್ಕಿಳಿದರು. 1945ರ ಫೆಬ್ರುವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳು ಇರುವಾಗ, ಮಿದುಳಿನ ಗಡ್ಡೆಯಿಂದ ಅಲ್ಲಿಯೇ ತೀರಿಕೊಂಡರು.

ತನ್ನ ಪದಕದ ಪ್ರಶ್ನೆ ಬಂದಾಗ ಅವರು ಭಾನುವಾರವನ್ನು ಬಿಟ್ಟುಕೊಡಲಿಲ್ಲ. ಮಕ್ಕಳ ಅಗತ್ಯದ ಪ್ರಶ್ನೆ ಬಂದಾಗ ತನ್ನ ನಿಯಮವನ್ನು ಬದಿಗಿಟ್ಟರು. ನಾನು ಈ ಎರಡನ್ನೂ ಒಟ್ಟಿಗೆ ಹಿಡಿದು ಸಲಹೆ ಕೊಡುತ್ತೇನೆ. ನಿಮ್ಮ ತರಬೇತಿ ಭಾನುವಾರ ಬೇಡ. ಬೆಳಗಿನ ಆರಾಧನೆಯ ಹೊತ್ತಿಗೆ ಬರುವ ಪಂದ್ಯಕ್ಕೆ ತಂಡ ಕಳುಹಿಸಬೇಡಿ. ಸಂಘಟಕರಿಗೆ ಹೆಸರು ನೋಂದಾಯಿಸುವಾಗಲೇ ‘ನಮಗೆ ಮಧ್ಯಾಹ್ನದ ಪಂದ್ಯ ಕೊಡಿ’ ಎಂದು ಕೇಳಿ. ಸಾಮಾನ್ಯವಾಗಿ ಕೊಡುತ್ತಾರೆ. ಕೊಡದಿದ್ದರೆ ಆ ಪಂದ್ಯಾವಳಿಯನ್ನು ಬಿಡಿ, ಈ ವಯಸ್ಸಿನಲ್ಲಿ ಮಕ್ಕಳಿಗೆ ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಮಕ್ಕಳು ಎದುರು ನೋಡುತ್ತಿದ್ದ ಅಂತಿಮ ಪಂದ್ಯ ಭಾನುವಾರ ಮಧ್ಯಾಹ್ನ ಬಿದ್ದರೆ, ಆರಾಧನೆ ಮುಗಿಸಿ ಅವರ ಜೊತೆ ಹೋಗಿ. ನಿಮ್ಮ ದಿನಕ್ಕೆ ನೀವು ಬಯಸುವ ಮರ್ಯಾದೆಯನ್ನು ಇತರರ ದಿನಕ್ಕೂ ಕೊಡಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಭ್ಯಾಸ ಇಡಬೇಡಿ. ರಂಜಾನ್ ಉಪವಾಸದಲ್ಲಿರುವ ಮಗುವನ್ನು ಓಡಿಸಬೇಡಿ, ಅಂಕ ಬರೆಯುವ ಕೆಲಸ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಣೇಶ ಚೌತಿಯ ವಾರದಲ್ಲಿ ಅಭ್ಯಾಸಕ್ಕೆ ಬರಲಿಲ್ಲವೆಂದು ಯಾರ ಜಾಗವೂ ಹೋಗಬಾರದು.

ಮಕ್ಕಳ ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ‘ನಮ್ಮ ಸಭೆಯವರೇ ತಾನೇ’ ಎಂಬ ನಂಬಿಕೆಯ ಮೇಲೆ ಮಕ್ಕಳನ್ನು ಬಿಡಬಾರದು. ಅಂಕಣದಲ್ಲಿ ಯಾವಾಗಲೂ ಇಬ್ಬರು ಹಿರಿಯರಿರಬೇಕು, ಅವರಲ್ಲಿ ಒಬ್ಬರು ಮಹಿಳೆ. ಯಾವ ಹಿರಿಯರೂ ಯಾವ ಮಗುವಿನೊಂದಿಗೂ ಮುಚ್ಚಿದ ಕೋಣೆಯಲ್ಲಿ, ವಾಹನದಲ್ಲಿ ಒಬ್ಬರೇ ಇರಬಾರದು. ಸಂದೇಶಗಳು ಪಾಲಕರ ವಾಟ್ಸ್ಆ್ಯಪ್ ಗುಂಪಿಗೇ ಹೋಗಲಿ, ಮಗುವಿನ ಮೊಬೈಲಿಗಲ್ಲ. ಪಾಲಕರ ಒಪ್ಪಿಗೆಯಿಲ್ಲದೆ ಫೋಟೊ ಹಾಕಬೇಡಿ, ಸಭೆಯ ವರದಿಯಲ್ಲಿಯೂ ಬೇಡ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಸಭೆಯ ಮರ್ಯಾದೆಗಾಗಿ ಒಳಗೇ ಮುಗಿಸುವ ಅವಕಾಶ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098 ಎಂದು ಹಾಜರಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಈ ಪುಸ್ತಕ, ನೀರು, ಪ್ರಥಮ ಚಿಕಿತ್ಸೆಯ ಡಬ್ಬಿ, ಪಾಲಕರೊಂದಿಗಿನ ಮಾತುಕತೆ ಇವೆಲ್ಲ ನಿಮ್ಮ ಕೈಯಲ್ಲಿರಲಿ. ಇದು ಯಜಮಾನರಿಗೆ ಒತ್ತಾಸೆಯ ಕೆಲಸ ಎಂದು ತಿಳಿಯಬೇಡಿ. ಅವರು ಚೆಂಡನ್ನು ನೋಡುತ್ತಿರುವಾಗ ಅಂಚಿನಲ್ಲಿ ಒಬ್ಬಳೇ ಕೂತ ಮಗುವನ್ನು ನೋಡುವವರು ನೀವು. ಅಭ್ಯಾಸ ನಿಲ್ಲಿಸಿ ಎಂದು ಹೇಳುವ ಅಧಿಕಾರ ನಿಮಗೂ ಇರಬೇಕು, ಅದನ್ನು ಅವರು ಮೊದಲೇ ಒಪ್ಪಿಕೊಳ್ಳಬೇಕು.

ಆರಂಭ ಚಿಕ್ಕದಾಗಿರಲಿ. ಸಭೆಯ ಕಮಿಟಿಯಿಂದ ಆವರಣ ಬಳಸಲು ಲಿಖಿತ ಅನುಮತಿ ಪಡೆಯಿರಿ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹನ್ನೆರಡು ಮಕ್ಕಳು, ಆರು ವಾರ, ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರೂವರೆಯಿಂದ ಎಂಟು. ಬಿಸಿಲು ಏರುವ ಮುಂಚೆ ಮಕ್ಕಳು ಮನೆ ಸೇರಬೇಕು. ವಾರಕ್ಕೆ ಮಗುವಿನ ವಯಸ್ಸಿಗಿಂತ ಹೆಚ್ಚು ಗಂಟೆ ಒಂದೇ ಆಟದ ಅಭ್ಯಾಸ ಬೇಡ ಎಂಬುದು ಮಕ್ಕಳ ಕ್ರೀಡಾವೈದ್ಯರು ಹೇಳುವ ಲೆಕ್ಕ. ನೀವು ಅದಕ್ಕಿಂತ ಬಹಳ ಕೆಳಗಿರುತ್ತೀರಿ. ಆರನೆಯ ವಾರ ಮುಗಿದಾಗ ಗಂಡಹೆಂಡತಿ ಇಬ್ಬರೂ ಕೂತು ಹಾಜರಿ ಪುಸ್ತಕ ನೋಡಿ. ಮೊದಲ ವಾರ ಅತ್ಯಂತ ಹಿಂದಿದ್ದ ನಾಲ್ಕು ಮಕ್ಕಳು ಇನ್ನೂ ಬರುತ್ತಿದ್ದಾರೆಯೇ? ರಾತ್ರಿಯ ಕುಟುಂಬ ಪ್ರಾರ್ಥನೆ ಎಷ್ಟು ದಿನ ತಪ್ಪಿತು? ಮಗಳನ್ನು ಮತ್ತೆ ಕೇಳಿದಾಗ ಅವಳೇನು ಹೇಳಿದಳು? ಮೂರಕ್ಕೂ ಒಳ್ಳೆಯ ಉತ್ತರ ಬಂದರೆ, ಶಾಲೆ ತೆರೆದ ಮೇಲೆ ವಾರಕ್ಕೆ ಎರಡು ಸಂಜೆಯಂತೆ ಮುಂದುವರಿಸಿ. ಬರದಿದ್ದರೆ ದಸರೆಯ ರಜೆಯವರೆಗೆ ನೆಟ್ಟನ್ನು ಮಡಿಚಿಟ್ಟು, ಅಷ್ಟರಲ್ಲಿ ಜೊತೆಗೆ ನಿಲ್ಲಬಲ್ಲ ಇನ್ನೊಂದು ಕುಟುಂಬವನ್ನು ಸಭೆಯಲ್ಲಿ ಹುಡುಕಿಕೊಳ್ಳಿ.